ಹದಿನಾರು ಮಾತ್ರೆಯ ಜಾಗಾ

ಬಸ್ಸು ತಪ್ಪಬಹುದಿತ್ತು. ಬಸ್ಸು ಸಿಕ್ಕರೂ ಅದರ ನೆತ್ತಿಯ ಟಪ್ಪಿನ ಮೇಲೆ ಕಟ್ಟಿದ ಪೇಟಿ (ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ) ಪೀರನವಾಡಿ ದಾಟಿದ ಮೇಲೆ ಯಾವುದೋ ತಗ್ಗಿನಲ್ಲಿ ಕೆಳಗೆ ಉರುಳಬಹುದಿತ್ತು. ಉರುಳದಿದ್ದರೂ ಅದರ ಕೀಗಳಲ್ಲಿ ಒಂದು ಕಪ್ಪು ಮನೆ, ಹುಟ್ಟಿನಿಂದಲೇ ಮೊಂಡು, ಒತ್ತಿದಲ್ಲೇ ಕೂತು ಸೀಟಿ ಹೊಡೆಯುತ್ತಲೇ ಇರಬಹುದಿತ್ತು. ಮೇ ತಿಂಗಳ ಅಡ್ಡಮಳೆ ಬಂದು ಮದುವೆಯ ಪೆಂಡಾಲು ಹಾರಿಸಿಕೊಂಡು ಹೋಗಬಹುದಿತ್ತು. ಕರೆಂಟು ಹೋಗಿ ಮೈಕು ಸಾಯಬಹುದಿತ್ತು. ಕರೆಂಟು ಹೋಗದೆ, ಮೈಕು ಹಿಡಿದ ನನ್ನ ತಂಗಿಗೆ ಶಾಕ್ ಹೊಡೆಯಬಹುದಿತ್ತು. ಆಕೆಯ ಗಂಟಲು ಕಟ್ಟಬಹುದಿತ್ತು. ಹಿಂದಿನ ದಿನ ನಾನು ಬೇಡವೆಂದರೂ ಎರಡು ಐಸ್ ಕ್ಯಾಂಡಿ ತಿಂದಿದ್ದಳು, ಎರಡನೆಯದನ್ನು ನನ್ನ ಎದುರಿಗೇ, ನಿಧಾನವಾಗಿ. ಮದುವೆಯಲ್ಲಿ ಹಂಚುವ ಪ್ಯಾಟಿಸ್ಸಿನ ಒಳಗೆ ಮಾಂಸವಿದೆಯೇ ಎಂದು ಕೇಳುವ ಮೊದಲೇ ನಾನು ಕಚ್ಚಿಬಿಡಬಹುದಿತ್ತು. ನಮ್ಮ ಓಣಿಯವರು ಯಾರಾದರೂ ಎಮ್ಮೆ ನೋಡಲೆಂದು ಖಾನಾಪುರಕ್ಕೆ ಬಂದು, ಎಮ್ಮೆಯ ಬದಲು ನಮ್ಮನ್ನು ನೋಡಿ, ನಮಗಿಂತ ಮೊದಲೇ ಖಾಸಬಾಗಕ್ಕೆ ಸುದ್ದಿ ಮುಟ್ಟಿಸಬಹುದಿತ್ತು. ಕೊನೆಯದಾಗಿ, ತಂಗಿ ತಾಲೀಮು ಮಾಡಿದ ಹಾಡನ್ನು ತಾಲೀಮು ಮಾಡಿದ ಹಾಗೆ ಹಾಡದೇ ಇರಬಹುದಿತ್ತು. ಇದೊಂದರ ಮುಂದೆ ಮಾತ್ರ ನಾನು ‘ಖಾತ್ರಿ’ ಎಂದು ಬರೆದಿದ್ದೆ.

ಬರೆದಿದ್ದೆ ಅನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ಇನ್ನೂರು ಪುಟದ ನೋಟುಬುಕ್ಕಿನ ಹಿಂಬದಿಯಲ್ಲಿ, ಗೆರೆ ಹೊಡೆದು, ಒಂದರ ಕೆಳಗೆ ಒಂದು. ಈಗ ನನಗೆ ಅರವತ್ತು ದಾಟಿದೆ. ಈಗಲೂ ಬೀಗರ ಮನೆಗೆ ಊಟಕ್ಕೆ ಹೊರಟರೂ ಒಂದು ಪಟ್ಟಿ ಕಿಸೆಯಲ್ಲಿರುತ್ತದೆ. ಹೆಂಡತಿ ಅದನ್ನು ಅಂಗಿ ಒಗೆಯುವಾಗ ತೆಗೆದು, ಓದಿ, ನಕ್ಕು, ಮತ್ತೆ ಕಿಸೆಗೇ ಇಡುತ್ತಾಳೆ.

ತಂಗಿ ಹಾಡು ಎಲ್ಲಿ ಕಲಿತಳು ಎಂದು ಈಚೆಗೆ ಜನ ಕೇಳುತ್ತಾರೆ. ಯಾರೋ ದೊಡ್ಡ ಉಸ್ತಾದರ ಹೆಸರು ಬರುತ್ತದೆಂದು ಕಾಯುತ್ತಾರೆ. ನಿಜ ಹೇಳಬೇಕೆಂದರೆ ಆಕೆ ಮಗ್ಗದ ಹತ್ತಿರ ಕಲಿತಳು. ಖಾಸಬಾಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪಾವರ್‌ಲೂಮ್, ಹಿಂದಿನ ಕೋಣೆಯಲ್ಲಿ ನಾವು ಐದು ಜನ. ಮುಂಜಾನೆ ಅಪ್ಪ ಸ್ವಿಚ್ ಹಾಕಿದರೆ ಖಟ್-ಖಟಾ-ಖಟ್ ಶುರು. ಆಮೇಲೆ ಮನೆಯಲ್ಲಿ ಉಪ್ಪು ಕೇಳಬೇಕಾದರೂ ಕೂಗಬೇಕು. ಸೀರೆಯ ಎಳೆ ಹರಿದಾಗ ಮಗ್ಗ ಗಪ್ಪನೆ ನಿಲ್ಲುತ್ತಿತ್ತು. ಅಪ್ಪ ಎದ್ದು ಹೋಗಿ, ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಚಾಲೂ ಮಾಡುವ ತನಕ ಸದ್ದಿನ ನಡುವೆ ಒಂದು ಗುಂಡಿ ಬಿದ್ದ ಹಾಗೆ ಆಗುತ್ತಿತ್ತು. ಐದು ವರ್ಷದ ನನ್ನ ತಂಗಿಗೆ ಆ ಗುಂಡಿ ನೋಡಿ ಸುಮ್ಮನಿರಲು ಆಗುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿ ಮುಚ್ಚುತ್ತಿದ್ದಳು: ಅಜ್ಜಿ ಹೇಳುವ ವಚನದ ಅರ್ಧ ಸಾಲು, ಬಳೆಗಾರನ ಕೂಗು, ಬಾಜೂ ಮನೆಯ ಮರಾಠಿ ಜೋಗುಳ, ಏನೂ ಸಿಗದಿದ್ದರೆ ಬರೀ ಆ-ಊ. ಮಗ್ಗ ಮತ್ತೆ ಖಟ್ ಅನ್ನುವುದಕ್ಕೂ ಆಕೆಯ ದನಿ ನೆಲಕ್ಕಿಳಿಯುವುದಕ್ಕೂ ಸರಿಹೋಗುತ್ತಿತ್ತು. ಅದು ಹೇಗೆ ಗೊತ್ತಾಗುತ್ತಿತ್ತೋ. ನನಗೆ ಆಗ ಎಂಟು ವರ್ಷ. ನಾನು ಬಾಗಿಲಲ್ಲಿ ಕೂತು ಮಗ್ಗ ಎಷ್ಟು ಹೊಡೆತ ನಿಂತಿತು ಎಂದು ಬೆರಳಿನಲ್ಲಿ ಎಣಿಸುತ್ತಿದ್ದೆ. ನಮ್ಮಿಬ್ಬರ ಜೀವನ ಅಲ್ಲಿಂದ ಮುಂದೆ ಹೆಚ್ಚೇನೂ ಬದಲಾಗಲಿಲ್ಲ.

“ಈ ಹುಡುಗಿ ಬಾಯಾಗ ಲಾಳಿ ಐತಿ,” ಅನ್ನುತ್ತಿದ್ದಳು ಅಜ್ಜಿ. ಲಾಳಿ ಮಗ್ಗದಲ್ಲಿ ಅತ್ತಿಂದಿತ್ತ ಹಾರುವ ಸಾಧನ. “ನಿಂದ್ರಂದ್ರ ನಿಂದರಂಗಿಲ್ಲ.”

ನಿಲ್ಲಲಿ ಎಂದೇ ಅವಳನ್ನು ಶಹಾಪುರದಲ್ಲಿ ಮರಾಠಿ ಮನೆಮಾತಿನ ಗಾಯನ ಕಲಿಸುವ ಒಬ್ಬ ಅಕ್ಕೋರ ಹತ್ತಿರ ಹಾಕಿದರು. ಒಬ್ಬಳೇ ಹೋಗಬಾರದೆಂದು ಜೊತೆಗೆ ನನ್ನನ್ನು ಕಳಿಸಿದರು. ಸುಮ್ಮನೆ ಕೂತ ಗಂಡು ಹುಡುಗನನ್ನು ನೋಡಲಾರದೆ ಅಕ್ಕೋರು ನನ್ನ ಮುಂದೆ ಪೇಟಿ ತಳ್ಳಿದರು. ಹೀಗೆ ನಾನು ಕಲಾವಿದನಾದೆ.

ಅಕ್ಕೋರ ಬಾಯಲ್ಲಿ ದಿನಕ್ಕೆ ಐವತ್ತು ಸಲ ಬರುವ ಮಾತು ‘ಜಾಗಾ’. ನಮ್ಮೂರಲ್ಲಿ ಜಾಗಾ ಅಂದರೆ ಬಸ್ಸಿನ ಸೀಟು, ಮನೆ ಕಟ್ಟುವ ನಿವೇಶನ. ಹಾಡಿನಲ್ಲಿ ಜಾಗಾ ಅಂದರೆ ಗಾಯಕಿ ಒಂದು ಕ್ಷಣ ನಿಂತು ಸ್ವರವನ್ನು ಚೆಂದ ಮಾಡಿ ತಿರುವುವ ತಾಣ. ಅಂಥ ಒಂದೊಂದು ಜಾಗಾವನ್ನು ಅಕ್ಕೋರು ವಾರಗಟ್ಟಲೆ ತಿದ್ದಿ ಕೂರಿಸುತ್ತಿದ್ದರು. ತಂಗಿ ಮರುದಿನ ಬಂದು ಅದನ್ನು ಎಬ್ಬಿಸಿ ಬೇರೆ ಕಡೆ ಕಳಿಸುತ್ತಿದ್ದಳು.

“ನಿನ್ನಿ ಕಲಿಸಿದ ಜಾಗಾ ಎಲ್ಲಿ ಹೋತು?”

“ಅದು ನಿನ್ನಿದ್ರಿ ಅಕ್ಕೋರ.”

ನನ್ನ ಸಂಕಟ ಯಾರೂ ಕೇಳಲಿಲ್ಲ. ಆಕೆ ಎಲ್ಲಿಗೆ ಹೋಗುತ್ತಾಳೋ ಅಲ್ಲಿಗೆ ಪೇಟಿ ಹಿಂದೆ ಓಡಬೇಕು. ಓಡುವವನಿಗೆ ದಾರಿಯಾದರೂ ಗೊತ್ತಿರಬೇಡವೇ. ಅದಕ್ಕೇ ನೋಟುಬುಕ್ಕು. ಆಕೆ ಇವತ್ತು ಹಾಡಿದ್ದನ್ನೆಲ್ಲ ಸರಿಗಮದಲ್ಲಿ ಬರೆದುಕೊಳ್ಳುವುದು, ಅದರ ಮೇಲಿಂದ ನಾಳೆ ಎತ್ತ ತಿರುಗಬಹುದು ಎಂದು ಅಂದಾಜು ಕಟ್ಟುವುದು. ‘ದಾರಿ ಒಂದು’, ‘ದಾರಿ ಎರಡು’, ಹೀಗೆ ಏಳರ ತನಕ. ನನ್ನ ಬರೆಯುವ ಚಟ ನೋಡಿ ಅಕ್ಕೋರು ಒಮ್ಮೆ ಪಾಠ ನಿಲ್ಲಿಸಿ ಕೇಳಿದರು: “ಯಾಕೋ, ನೀ ಪೇಟಿ ಬಾರಸ್ತೀಯೋ, ಪಂಚನಾಮಾ ಬರೀತೀಯೋ?”

ತಂಗಿ ಯಾವಾಗಲೂ ಎಂಟನೆಯ ದಾರಿ ಹಿಡಿಯುತ್ತಿದ್ದಳು.

ಆ ಮೊಂಡು ಕಪ್ಪು ಮನೆಯಿಂದಲೇ ಎಲ್ಲ ಹಾಳಾದದ್ದು. ಅದು ಎರಡನೆಯ ಸಲ ಕೂತಾಗ, ಕ್ಯಾಂಪಿನಲ್ಲಿ, ಮಿಲಿಟರಿಯವರ ಬಡಾವಣೆಯಲ್ಲಿ, ಒಬ್ಬ ಬ್ಯಾಂಡ್ ಮಾಸ್ತರರಿದ್ದಾರೆ, ಗೋವಾದವರು, ಪೇಟಿ ರಿಪೇರಿ ಮಾಡುತ್ತಾರೆ ಎಂದು ಯಾರೋ ಹೇಳಿದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಪೇಟಿ ಕಟ್ಟಿ ನಾನು ನೂಕುತ್ತಾ, ಹಿಂದಿನಿಂದ ತಂಗಿ ಹಿಡಿಯುತ್ತಾ ಹೋದೆವು. ಅವರು ಹರೆಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ಟ್ರಂಪೆಟ್ ಊದಿ, ಈಗ ಒಂದೆರಡು ಹಲ್ಲು ಹೋಗಿ, ಸುತ್ತಿನ ಊರುಗಳ ಕ್ರಿಶ್ಚಿಯನ್ ಮದುವೆಗಳಿಗೆ ಬ್ಯಾಂಡು ಕಟ್ಟಿಕೊಂಡಿದ್ದವರು. ಪೇಟಿ ಬಿಚ್ಚುತ್ತಾ ಪಕ್ಕದಲ್ಲಿ ಒಂದು ರೆಕಾರ್ಡು ಹಾಕಿದ್ದರು. ಒಬ್ಬ ಹೆಂಗಸು ಹಾಡುತ್ತಿದ್ದಳು. ಅರ್ಧಕ್ಕೆ ಬಂದಾಗ ಮಾತು ಬಿಟ್ಟು ಬರೀ ಡ-ಬ-ಡ, ಶು-ಬಿ ಶುರು ಮಾಡಿದಳು.

“ಈಕಿ ಹಾಡು ಮರತಾಳ,” ಅಂದೆ ನಾನು. ಮನಸ್ಸಿಗೆ ಪಾಪ ಅನಿಸಿತ್ತು.

“ಮರತಿಲ್ಲ,” ಅಂದಳು ತಂಗಿ. ಆಕೆ ಪೇಟಿ ಹಿಡಿದ ಕೈ ಹಾಗೇ ಹಿಡಿದಿದ್ದಳು, ಪೇಟಿ ಆಗಲೇ ಮೇಜಿನ ಮೇಲಿದ್ದರೂ. “ಎಳಿ ಹರದೈತಿ. ತುಂಬಾಕತ್ಯಾಳ.”

ಮಾಸ್ತರರು ಸ್ಕ್ರೂಡ್ರೈವರ್ ಕೆಳಗಿಟ್ಟರು.

ಆಮೇಲೆ ಎರಡು ವರ್ಷ, ಶನಿವಾರ ಮಧ್ಯಾಹ್ನ, ಪೇಟಿ ರಿಪೇರಿಯ ನೆಪದಲ್ಲಿ ನಾವು ಕ್ಯಾಂಪಿಗೆ ಹೋದೆವು. ಜಗತ್ತಿನಲ್ಲಿ ಯಾವ ಪೇಟಿಯೂ ಅಷ್ಟು ಸಲ ಕೆಟ್ಟಿರಲಿಕ್ಕಿಲ್ಲ. ಮಾಸ್ತರರು ಕನ್ನಡ, ಕೊಂಕಣಿ, ಹಿಂದಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದರು. ಆಕೆಯನ್ನು ಕೊಂಕಣಿಯವರು ಹುಡುಗಿಯರನ್ನು ಕರೆಯುವಂತೆ ‘ಬಾಯ್’ ಅನ್ನುತ್ತಿದ್ದರು, ನನ್ನನ್ನು ‘ಇನ್‌ಸ್ಪೆಕ್ಟರ್’. ಒಂದು ದಿನ ಬ್ಯಾಂಡಿನ ಜೊತೆ ತಾಲೀಮಿನಲ್ಲಿ ಆಕೆ ಹಿಡಿದ ಆಲಾಪ ಬಿಡಲೇ ಇಲ್ಲ. ಪಿಟೀಲಿನವನು ಬಿಲ್ಲು ಎತ್ತಿ ಹಿಡಿದು ಕಾದೂ ಕಾದೂ ಚಹಾ ಕುಡಿಯಲು ಹೋದ. ಮಾಸ್ತರರು ಹೇಳಿದರು: “ಬಾಯ್, ಎಲ್ಲಾ ಜಾಗಾ ನೀನೇ ತಿಂದ್ರ ದುಸರೇವ್ರು ಏನ್ ತಿನ್ನೋದು? ಈ ಗಾಣ್ಯಾದಾಗ, ಈ ಹಾಡಿನ್ಯಾಗ, ಬಾಜೂದವ್ರಿಗೆ ಜಾಗಾ ಬಿಡಬೇಕು. ನೀ ನಿಂದ್ರು, ಅವ್ರು ಬರ್ಲಿ.”

ಆ ಮಾತು ನನ್ನ ಕಿವಿಯ ಮೇಲೂ ಬಿತ್ತು. ನಾನು ಆಗ ಕಿಟಕಿಯಲ್ಲಿ ನಿಂತು, ಮೋಡವಾಗಿದೆ, ಪೇಟಿಗೆ ಹೊದಿಸಲು ಪ್ಲಾಸ್ಟಿಕ್ ಹಾಳೆ ತಂದಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಎಂಬತ್ತರ ದಶಕ ಶುರುವಾಗಿತ್ತು, ತಂಗಿಗೆ ಹತ್ತೊಂಬತ್ತು. ಮಾಸ್ತರರು ನೇರವಾಗಿ ನಮ್ಮ ಮನೆಗೇ ಬಂದರು. ಚಳಿಗಾಲದಲ್ಲಿ ಗೋವಾದ ಹೋಟೆಲುಗಳಲ್ಲಿ ಅವರ ಹಳೆಯ ಗೆಳೆಯರ ಬ್ಯಾಂಡು ನುಡಿಸುತ್ತದೆ, ಅವರಿಗೆ ಹಾಡುವ ಹುಡುಗಿ ಬೇಕು, ಮಾಸ್ತರರ ಹೆಂಡತಿಯೂ ಜೊತೆಗಿರುತ್ತಾರೆ. ಮೊದಲು ಖಾನಾಪುರದ ಒಂದು ಮದುವೆಯಲ್ಲಿ ಹಾಡಲಿ, ನಾಲ್ಕು ಜನರ ಎದುರಿಗೆ ನಿಲ್ಲಬಲ್ಲಳೋ ನೋಡೋಣ. ಅಪ್ಪ ಮಗ್ಗ ನಿಲ್ಲಿಸದೆ ಕೇಳಿದ. ಹೀಗಾಗಿ ಮಾಸ್ತರರು ಕೂಗಿದರು, ಅಪ್ಪ ಕೂಗಿದ, ಓಣಿ ಇಡೀ ಕೇಳಿತು.

“ಏನ್ ಹಾಡರಿ ಅದು?”

“ಜಾಝ್.”

“ಜಹಾಜ?” ಅಪ್ಪ ಈಗ ಮಗ್ಗ ನಿಲ್ಲಿಸಿದ. “ನನ್ನ ಮಗಳು ಹಡಗಿನ್ಯಾಗ ಹಾಡಬೇಕೇನು?”

ಹಡಗಲ್ಲ ಎಂದು ತಿಳಿಸಲು ಒಂದು ತಾಸು ಹಿಡಿಯಿತು. ತಿಳಿದ ಮೇಲೂ ಅಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಮಾಸ್ತರರು ಹೋದ ಮೇಲೆ ಮಗಳಿಗೆ ಹೇಳಿದ: “ಖಾನಾಪುರಕ್ಕ ಹೋಗು. ಒಮ್ಮೆ. ಅಣ್ಣ ಬಾಜೂಕ ಕುಂತಿರಬೇಕು. ದೀಪಾ ಹಚ್ಚೂದ್ರಾಗ ಮನಿಗೆ ಬರಬೇಕು. ಯಾರ ಬಾಯಿಂದರ ಒಂದ ತಕರಾರ ಬಂತಂದ್ರ ಮುಗೀತು. ಮತ್ತ ಆ ಜಹಾಜದ ಸುದ್ದಿ ಈ ಮನ್ಯಾಗ ತಗೀಬ್ಯಾಡ್ರಿ.”

“ಜಹಾಜ ಅಲ್ಲಪಾ.”

“ಅದ, ಏನರ ಇರ್ಲಿ.”

ಹೀಗೆ ಟ್ರಂಪೆಟ್, ಪಿಟೀಲು, ಡ್ರಮ್ಮುಗಳ ನಡುವೆ ಒಂದು ಪೇಟಿ ಬಂದು ಕೂತಿತು. ಮಾಸ್ತರರು ನಿಟ್ಟುಸಿರುಬಿಟ್ಟು ಒಪ್ಪಿಕೊಂಡರು. ಕಾವಲುಗಾರನ ಕೈಗೆ ಏನಾದರೂ ಕೆಲಸ ಬೇಕಲ್ಲ.

ಹೊರಡುವ ಹಿಂದಿನ ಸಂಜೆ ತಂಗಿ ಹಿತ್ತಲಲ್ಲಿ ಐಸ್ ಕ್ಯಾಂಡಿಯ ಕಡ್ಡಿ ಕಚ್ಚುತ್ತಾ ಕೂತಿದ್ದಳು. ನಾನು ಪಟ್ಟಿ ಬರೆಯುತ್ತಿದ್ದೆ.

“ಅಣ್ಣಾ, ನಾಳಿ ಕೆಟ್ಟರ ಏನ್ ಮಾಡ್ಲಿ?”

“ಅಕ್ಕೋರ ಹತ್ರ ಹೋಗು. ಪರೀಕ್ಷಾ ಕಟ್ಟು. ಸಾಲ್ಯಾಗ ಸಂಗೀತ ಕಲಸು.”

“ಕಲಸಬೌದು,” ಅಂದಳು. ಸ್ವಲ್ಪ ಹೊತ್ತು ಕಡ್ಡಿ ನೋಡಿದಳು. “ಆದ್ರ ಬರದಿಟ್ಟಿದ್ದ ಹಾಡಿ ಹಾಡಿ ನಾ ಸತ್ತ ಹೋಗ್ತೀನೋ.”

ನಾನು ನೋಟುಬುಕ್ಕು ತೊಡೆಯ ಕೆಳಗೆ ಸರಿಸಿದೆ. ಆಕೆ ಎಂದೂ ಹಾಗೆ ಮಾತಾಡಿದವಳಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.

ಮರುದಿನ ಬಸ್ಸು ಸಿಕ್ಕಿತು. ಪೇಟಿ ಉರುಳಲಿಲ್ಲ. ಮಳೆ ಬರಲಿಲ್ಲ, ಕರೆಂಟು ಹೋಗಲಿಲ್ಲ. ಮೈಕನ್ನು ಮೊದಲು ನಾನೇ ಮುಟ್ಟಿ ನೋಡಿದೆ, ಪೆಂಡಾಲಿನ ಜನ ನಾನೇ ಹಾಡುಗಾರನೆಂದು ತಿಳಿದು ಸುಮ್ಮನಾದರು. ಊಟದ ಹೊತ್ತಿಗೆ ಮನೆಯಿಂದ ತಂದ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ನಾನು ಪೇಟಿಯ ಹಿಂದೆ ಕೂತು ತಿಂದೆ. ಗೋವಾ, ಲೋಂಡಾ ಕಡೆಯ ನೆಂಟರು ಒಂದು ಬದಿ, ಖಾನಾಪುರದ ಮರಾಠಿ, ಕನ್ನಡ ನೆರೆಯವರು ಒಂದು ಬದಿ. ಎಮ್ಮೆ ನೋಡಲು ಯಾರೂ ಬಂದಿರಲಿಲ್ಲ.

ತಂಗಿ ಹಾಡಲು ನಿಂತಳು. ಹಸಿರು ಸೀರೆ, ಅಪ್ಪನ ಮಗ್ಗದ್ದೇ. ಮೊದಲ ಎರಡು ಹಾಡು ಬರೆದ ಹಾಗೆ ಹಾಡಿದಳು. ನನಗೆ ಆಗಲೇ ಭಯ ಶುರುವಾಗಿತ್ತು, ಆಕೆ ಅಷ್ಟು ಒಳ್ಳೆಯವಳಲ್ಲ. ಮೂರನೆಯ ಹಾಡಿನ ನಡುವೆ ಮಾತು ಬಿಟ್ಟಳು. ನಾನು ದಾರಿ ಒಂದು ತೆಗೆದೆ. ಅದಲ್ಲ. ದಾರಿ ಮೂರು ಇರಬೇಕೆಂದು ಪುಟ ಮಗುಚಿದೆ. ಅದೂ ಅಲ್ಲ. ಅಕ್ಕೋರು ಕೂರಿಸಿದ ಒಂದು ಜಾಗಾ ಬಂತು, ಅದರ ಬೆನ್ನಿಗೇ ಬಳೆಗಾರನ ಕೂಗು, ಅದು ತಿರುಗಿ ಮಾಸ್ತರರ ಡ-ಬ-ಡ ಆಯಿತು. ಡ್ರಮ್ಮಿನವನು ನಕ್ಕು ಹೊಡೆತ ಬದಲಿಸಿದ. ಕೇಳಿದರೆ ನಮ್ಮ ಮುಂದಿನ ಕೋಣೆಯದೇ ಖಟ್-ಖಟಾ-ಖಟ್. ಊಟಕ್ಕೆ ಕೂತವರು ಕೈ ನಿಲ್ಲಿಸಿದರು. ಪಿಟೀಲಿನವನಿಗೆ ಆಕೆ ಒಮ್ಮೆ ತಲೆ ಅಲ್ಲಾಡಿಸಿದಳು, ಅವನು ನುಡಿಸಿದ, ಮತ್ತೆ ಆಕೆ ಹಿಡಿದಳು. ಆಮೇಲೆ, ಏನೂ ಕಾರಣವಿಲ್ಲದೆ, ನನ್ನ ಕಡೆ ತಿರುಗಿ ನಿಂತುಬಿಟ್ಟಳು.

ಬಾಯಿ ಮುಚ್ಚಿತ್ತು. ನನ್ನನ್ನೇ ನೋಡುತ್ತಿದ್ದಳು. ಮಾಸ್ತರರೂ ಟ್ರಂಪೆಟ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು. ಡ್ರಮ್ಮು ಮೆಲ್ಲಗೆ ನಡೆದಿತ್ತು. ಮರೆತಳು ಅಂದುಕೊಂಡೆ. ಮುಗಿಯಿತು, ಗೋವಾ ಹೋಯಿತು, ಇನ್ನು ಸಾಲೆಯಲ್ಲಿ ಪಾಠ ಹೇಳುತ್ತಾಳೆ. ಪೇಟಿಯ ಮೇಲಿಂದ ಕೈ ತೆಗೆದೆ. ತಲೆಗೆ ಗೊತ್ತಿರುವ ಕೆಲಸ ಒಂದಿತ್ತು, ಅದನ್ನು ಮಾಡಿದೆ. ಎಣಿಸಿದೆ. ತಾಳದ ಹದಿನಾರನೆಯ ಮಾತ್ರೆ ಮುಗಿದದ್ದೇ ಆಕೆ ಮತ್ತೆ ಬಂದಳು, ಸರಿಯಾಗಿ ನೆಲಕ್ಕಿಳಿದಳು. ಜನ ಚಪ್ಪಾಳೆ ತಟ್ಟಿದರು. ಹಾಗೆ ನಿಲ್ಲುವುದೂ ಒಂದು ಶೈಲಿ ಎಂದು ತಿಳಿದರೋ ಏನೋ.

ಪೇಟಿ ಕಟ್ಟುತ್ತಿದ್ದಾಗ ಮದುಮಗನ ಅಜ್ಜಿ ಕೋಲೂರಿಕೊಂಡು ಮಾಸ್ತರರ ಹತ್ತಿರ ಬಂದಳು. “ಪೋರಿ ಛಲೋ ಹಾಡಿದ್ಲು. ಆದ್ರ ಆ ಪೇಟಿ ಹುಡುಗಗ ಏನಾಗಿತ್ತು? ನಡುವ ನಿದ್ದಿ ಹತ್ತಿತ್ತೇನು?”

ಇಡೀ ದಿನ ನಾನು ಹೆದರಿಕೊಂಡಿದ್ದ ತಕರಾರು ಕೊನೆಗೂ ಬಂತು. ಮಾಸ್ತರರು ನಕ್ಕು ಅವಳನ್ನು ಸಾಗಹಾಕಿ ನನ್ನ ಭುಜ ತಟ್ಟಿದರು. “ದೀಪಾವಳಿ ಆದ ಮ್ಯಾಲೆ ಬಾಯ್ ಬರ್ಲಿ, ನನ್ನ ಕಡೆಯಿಂದ ಪಕ್ಕಾ. ಇನ್‌ಸ್ಪೆಕ್ಟರ್, ಪೇಟಿ ಮನ್ಯಾಗ ಇರ್ಲಿ.”

ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ತಂಗಿ ಕಿಟಕಿಯಿಂದ ತನ್ನ ಕರವಸ್ತ್ರ ಒಳಗೆ ಎಸೆದು, ನುಗ್ಗಿ ಹತ್ತಿದಳು. ನಾನು ಟಪ್ಪಿನ ಮೇಲೆ ಪೇಟಿಗೆ ಮೂರು ಸುತ್ತು ಹಗ್ಗ ಬಿಗಿದು, ನಾಲ್ಕನೆಯದನ್ನೂ ಬಿಗಿದು, ಇಳಿದು ಒಳಗೆ ಬಂದರೆ ಕಾಲಿಡಲು ಸ್ಥಳವಿಲ್ಲ. ರುಮಾಲು ಸುತ್ತಿದ ಒಬ್ಬ ಹಿರಿಯ ಆ ಕರವಸ್ತ್ರದ ಮೇಲೆ ಇನ್ನೇನು ಕೂರುವವನಿದ್ದ.

“ಕಾಕಾ, ಅದು ನಮ್ಮ ಅಣ್ಣನ ಜಾಗಾರಿ.”

“ಎಲ್ಲೆದಾನವಾ ನಿಮ್ಮಣ್ಣ? ಒಂದ ತಾಸಾತು ನೋಡಾಕತ್ತು.”

“ಬರ್ತಾನ್ರಿ. ಅಂವಾ ಸ್ವಲ್ಪ ತಡಾ.”

ಕೂತೆ. ಪೇಟಿಯ ಹಗ್ಗ ಸಡಿಲಾಗಿದೆಯೇ ಎಂದು ಎರಡು ಸಲ ಕಿಟಕಿಯಿಂದ ಇಣುಕಿದೆ. ಆಮೇಲೆ ತಡೆಯಲಾಗದೆ ಕೇಳಿದೆ: “ನಡುವ ಯಾಕ ಮರತಿ?”

“ಎಲ್ಲಿ?”

“ಹದಿನಾರ ಮಾತ್ರಿ ನನ್ನ ಮಾರಿ ನೋಡಕೋತ ನಿಂತಿದ್ದಿಯಲ್ಲ.”

ಆಕೆ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಸಿಟ್ಟು ಬಂದಿರಬೇಕೆಂದುಕೊಂಡೆ; ಸಿಟ್ಟಲ್ಲ.

“ಮರತಿರಲಿಲ್ಲೋ ಅಣ್ಣಾ. ನಿನಗ ಜಾಗಾ ಬಿಟ್ಟಿದ್ನಿ.”

ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ನಾನು ರೇಗಿದೆ. “ಮೊದಲ ಹೇಳಬೇಕಿಲ್ಲ?”

“ಹೇಳಿದ್ರ ನೀ ಬರಕೊಂಡು ಬರ್ತಿದ್ದಿ.”

ಊರು ಮುಟ್ಟುವ ತನಕ ನನಗೆ ಇನ್ನೊಂದೇ ಚಿಂತೆ: ಅಪ್ಪನಿಗೆ ಏನು ಹೇಳುವುದು. ಯಾರ ಬಾಯಿಂದಲಾದರೂ ಒಂದು ತಕರಾರು ಅಂದಿದ್ದ. ಬಂದಿತ್ತು. ಮುಚ್ಚಿಟ್ಟರೆ, ಆ ಅಜ್ಜಿಗೆ ಖಾಸಬಾಗದಲ್ಲಿ ಯಾರೋ ಬೀಗರಿದ್ದರೆ?

ದೀಪ ಹಚ್ಚಿರಲಿಲ್ಲ, ಮಗ್ಗ ನಡೆದಿತ್ತು. ನಮ್ಮನ್ನು ನೋಡಿ ಅಪ್ಪ ನಿಲ್ಲಿಸಿದ.

“ಏನರ ತಕರಾರ ಬಂತೇನು?”

ತಂಗಿ ಬಾಗಿಲಲ್ಲಿ ನಿಂತು ಕರವಸ್ತ್ರ ಮಡಚುತ್ತಿದ್ದಳು. ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ.

“ಒಂದ ಬಂತು,” ಅಂದೆ.

“ಈಕಿ ಮ್ಯಾಲ?”

“ನನ್ನ ಮ್ಯಾಲ.”

“ನೀ ಏನ್ ಮಾಡಿದಿ?”

“ಏನೂ ಮಾಡಲಿಲ್ಲ. ಆಕಿ ನಡುವ ನಿಂತ್ಲು, ಹದಿನಾರ ಮಾತ್ರಿ. ನಾ ಸುಮ್ಮನ ಕುಂತಿದ್ನಿ.”

ಅಪ್ಪನಿಗೆ ಜಾಝ್ ತಿಳಿಯದಿದ್ದರೂ ಇದು ತಿಳಿಯಿತು. “ಎಳಿ ಹರೀತೇನು?”

“ಹರದಿರಲಿಲ್ಲ. ನನ್ನ ಸಲುವಾಗಿ ಬಿಟ್ಟಿದ್ಲಂತ.”

“ಮತ್ತ ನೀ ಗಂಟ ಹಾಕಲಿಲ್ಲ?”

“ಇಲ್ಲ. ಎಣಿಸಿದ್ನಿ.”

ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ, ಕೆಟ್ಟ ನೂಲು ಕೊಟ್ಟು ಹೋದ ವ್ಯಾಪಾರಿಯನ್ನು ನೋಡುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿ ಕೇಳಿದ: “ಗೋವಾದಾಗ ಚಳಿ ಇರ್ತೈತೇನು? ಶಾಲ ಬೇಕಾಗ್ತೈತೇನು?” ಉತ್ತರಕ್ಕೆ ಕಾಯದೆ ಸ್ವಿಚ್ ಹಾಕಿದ.

ಆ ಸದ್ದಿನಲ್ಲಿ ನಾನು ನೋಟುಬುಕ್ಕು ತೆಗೆದೆ. ಪಟ್ಟಿಯಲ್ಲಿ ಒಂದೊಂದಾಗಿ ಎಲ್ಲಕ್ಕೂ ಅಡ್ಡಗೆರೆ ಹೊಡೆದೆ, ಬಸ್ಸು, ಮಳೆ, ಮೈಕು, ಪ್ಯಾಟಿಸ್, ಎಮ್ಮೆ. ಕೆಳಗೆ ಒಂದು ಹೊಸ ಸಾಲು ಬರೆದೆ: ಹದಿನಾರು ಮಾತ್ರೆ, ಖಾಲಿ. ಎಣಿಕೆ ಸರಿ ಇತ್ತು.